ಕೌದಿಯ ನಡುವಿನ ಗೇಣು

ನಮಗೆ ಶಾಂತಿ ಕಲಿಸಲು ಬಂದ ಇಬ್ಬರು ಹೆಂಗಸರು ತಮ್ಮತಮ್ಮಲ್ಲೇ ಮಾತಾಡುವುದಿಲ್ಲ ಎಂಬುದು ನನಗೆ ಬಸ್ ನಿಲ್ದಾಣದಲ್ಲೇ ಗೊತ್ತಾಯಿತು.

"ಅವರಿಗೆ ಹೇಳಮ್ಮಾ, ಆ ನೀಲಿ ಪೆಟ್ಟಿಗೆ ನಂದು ಅಂತ," ಎಂದರು ದಪ್ಪ ಕನ್ನಡಕದವರು. 'ಅವರು' ಪಕ್ಕದಲ್ಲೇ, ಅದೇ ನೀಲಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿಕೊಂಡು ನಿಂತಿದ್ದರು.

"ನಂದಲ್ಲ ಅಂತ ನಂಗೂ ಗೊತ್ತು, ಭಾರ ಇದೆಯಲ್ಲಾ ಅಂತ ಇಳಿಸಿಕೊಟ್ಟೆ, ಅಷ್ಟೇ ಅಂತ ಹೇಳಮ್ಮಾ ಅವರಿಗೆ," ಎಂದರು ಎತ್ತರದವರು, ನನ್ನ ಮುಖವನ್ನೇ ನೋಡುತ್ತಾ.

ನಾನು ದುಭಾಷಿ. ಮದುವೆಗೆ ಮುಂಚೆ ಅವರ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾ ಅವರ ಭಾಷೆ ಕಲಿತವಳು. ಅವರು ಹೇಳಿದ್ದನ್ನು ನಮ್ಮವರಿಗೆ, ನಮ್ಮವರು ಹೇಳಿದ್ದನ್ನು ಅವರಿಗೆ ಮುಟ್ಟಿಸಬೇಕು ಎಂದಷ್ಟೇ ನಮ್ಮ ಪಾದ್ರಿಗಳು ನನಗೆ ಹೇಳಿದ್ದರು. ಒಂದೇ ಭಾಷೆ ಆಡುವ ಇಬ್ಬರ ನಡುವೆ ನಿಂತು, ಅದೇ ಮಾತನ್ನು ಅದೇ ಭಾಷೆಯಲ್ಲಿ ಇನ್ನೊಂದು ಸಲ ಹೇಳುವ ಕೆಲಸವೂ ಇದೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ಅತಿಥಿಗಳು ಎಂದು ತಡೆದುಕೊಂಡು, ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ.

ದಪ್ಪ ಕನ್ನಡಕದವರು ಜೀವನವಿಡೀ ಬಟ್ಟೆ ಹೊಲಿದವರು. ನಾವು ದರ್ಜಿಯಮ್ಮ ಎಂದೆವು. ಎತ್ತರದವರು ನಿವೃತ್ತ ನರ್ಸು, ಅವರು ನರ್ಸಮ್ಮ. ಅವರ ಚರ್ಚಿನವರು ಯುದ್ಧದಲ್ಲೋ ನೆರೆಯಲ್ಲೋ ಮನೆ ಕಳೆದುಕೊಂಡವರಿಗೆ ಹೊದೆಯಲು ಬಟ್ಟೆ ತುಂಡುಗಳ ಕೌದಿ ಹೊಲಿದು ಕಳಿಸುತ್ತಾರೆ. ಜಗಳವಾಡಿ ಒಡೆದ ಊರುಗಳಿದ್ದರೆ ಅಲ್ಲಿಗೂ ಹೋಗಿ, ಎರಡೂ ಕಡೆಯ ಹೆಂಗಸರನ್ನು ಒಂದೇ ಚೌಕಟ್ಟಿನ ಸುತ್ತ ಕೂರಿಸಿ ಹೊಲಿಯಲು ಕಲಿಸುತ್ತಾರೆ. ಯೇಸುಸ್ವಾಮಿ ತನ್ನ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದ್ದರಿಂದ ಇವರೂ ಒಬ್ಬೊಬ್ಬರೇ ಹೋಗುವ ಹಾಗಿಲ್ಲ. ಅವರ ಪಾದ್ರಿಗಳು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು "ಹೋಗ್ತೀರಾ?" ಎಂದು ಕೇಳಿದರಂತೆ. ದೇವರ ಕೆಲಸಕ್ಕೆ ಜೊತೆ ಯಾರು ಎಂದು ಕೇಳಿದರೆ ಸಣ್ಣತನವಾಗುತ್ತದೆ ಎಂದುಕೊಂಡು ಇಬ್ಬರೂ ಕೇಳದೆ ಒಪ್ಪಿಕೊಂಡರಂತೆ. ಬಸ್ ಹತ್ತಿದ ಮೇಲೆ ನೋಡಿದರೆ ಪಕ್ಕದ ಸೀಟಿನಲ್ಲಿ ಇವರಿಗೆ ಅವರು, ಅವರಿಗೆ ಇವರು. ಇಳಿದು ಹೋಗಲು ಮಾನ ಅಡ್ಡ ಬಂತು.

ಇನ್ನು ನಮ್ಮ ಘನಕಾರ್ಯವನ್ನೂ ಹೇಳಬೇಕಲ್ಲ. ನಮ್ಮದು ಹೊಳೆಯ ಎರಡು ದಡದ ಊರು. ನಡುಗಡ್ಡೆಯ ಮೇಲೆ ಚರ್ಚು. ಆಚೆ ದಡದಿಂದೊಂದು, ಈಚೆ ದಡದಿಂದೊಂದು ಕಾಲುಸೇತುವೆ. ನಾನು ಹುಟ್ಟಿದ್ದು ಆಚೆ, ಮದುವೆಯಾಗಿ ಬಂದಿದ್ದು ಈಚೆ. ಈಚೆ ದಡದಲ್ಲಿ ನನ್ನ ಗಂಡನ ಮನೆಯವರ ಮರ ಕೊಯ್ಯುವ ಮಿಲ್ಲಿತ್ತು. ಅವರು ತೇಲಿಬಿಟ್ಟ ದಿಮ್ಮಿಗಳು ಆಚೆ ದಡದವರ ಮೀನಿನ ಬಲೆಗಳನ್ನು ಹರಿದುಹಾಕುತ್ತಿದ್ದವು. ಮಾತಿಗೆ ಮಾತು ಬೆಳೆದು, ಒಂದು ದಿನ ಮಿಲ್ಲು ಸುಟ್ಟುಹೋಯಿತು. ಅದೇ ಬೆಂಕಿಯಲ್ಲಿ ನನ್ನ ಅಣ್ಣನ ಬಲಗೈ ಸುಟ್ಟಿತು. ಬೆಂಕಿ ಇಡಲು ಹೋಗಿ ಸುಟ್ಟುಕೊಂಡ ಎಂದು ಈಚೆಯವರು, ಆರಿಸಲು ಹೋಗಿ ಸುಟ್ಟುಕೊಂಡ ಎಂದು ಆಚೆಯವರು. ಅಂದಿನಿಂದ ಚರ್ಚಿನಲ್ಲಿ ಬೆಳಿಗ್ಗೆ ಒಂದು ದಡಕ್ಕೆ, ಮಧ್ಯಾಹ್ನ ಇನ್ನೊಂದು ದಡಕ್ಕೆ ಆರಾಧನೆ. ಪಾಪ, ಪಾದ್ರಿಗಳು ಪ್ರತಿ ಭಾನುವಾರ ಒಂದೇ ಪ್ರಸಂಗವನ್ನು ಎರಡು ಸಲ ಹೇಳಿ ಗಂಟಲು ಕೆಡಿಸಿಕೊಂಡಿದ್ದರು.

ನನ್ನ ಮಗಳು ಹುಟ್ಟಿದ್ದು ಆ ಬೆಂಕಿಯ ನಂತರ. "ನನ್ನ ಮೊಮ್ಮಗಳು ಆ ದಡ ಮೆಟ್ಟೋ ಹಾಗಿಲ್ಲ," ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ನಾನು ತವರಿಗೆ ಹೋಗಬಹುದು, ಒಬ್ಬಳೇ. ಹೋದಾಗಲೆಲ್ಲ ಅಮ್ಮ ನನ್ನ ಖಾಲಿ ಕೈ ನೋಡಿ, "ಹಲ್ಲು ಬಂತಾ?" ಎಂದು ಕೇಳುತ್ತಿದ್ದಳು. ಮಗುವಿಗೆ ಹಲ್ಲು ಬಂತು, ತೆವಳುವುದೂ ಬಂತು. ಅಮ್ಮ ಮಾತ್ರ ಅವಳನ್ನು ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಎರಡೂ ದಡಗಳನ್ನು ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನಿಸುತ್ತಿತ್ತು.

ಕೌದಿ ಕೊಡುತ್ತಾರೆ ಎಂಬ ಸುದ್ದಿ ಕೇಳಿ ಎರಡೂ ದಡದ ಹೆಂಗಸರು ಚರ್ಚಿನ ಹಾಲ್‌ಗೆ ಬಂದರು. ತಮ್ಮ ತಮ್ಮ ಬಾಗಿಲಿನಿಂದಲೇ ಬಂದರು ಅನ್ನಿ.

"ಕೊಡೋದಲ್ಲ, ಹೊಲಿಯೋದು," ಎಂದು ನಾನು ಅನುವಾದಿಸಿದೆ. "ನಮಗಿಂತ ಕಷ್ಟದಲ್ಲಿರೋರು ಗುಡಾರಗಳಲ್ಲಿ ಮಲಗಿದಾರಂತೆ. ಅವರಿಗೆ."

"ನಮಗಿಂತ ಕಷ್ಟದಲ್ಲಿರೋರೂ ಇದಾರಾ?" ಎಂದರು ಅತ್ತೆ, ತುಸು ಬೇಸರದಿಂದ. ಇಷ್ಟು ದಿನ ಆ ಹೆಗ್ಗಳಿಕೆ ನಮ್ಮದೇ ಎಂದುಕೊಂಡಿದ್ದರು. ಆದರೂ ಎದ್ದು ಹೋಗಲಿಲ್ಲ. ತಮ್ಮಿಂದ ಯಾರೋ ಏನೋ ಕೇಳಿದ್ದು ಬಹಳ ದಿನಗಳ ಮೇಲೆ ಅದೇ ಮೊದಲು.

ಚೌಕಟ್ಟು ಎಂದರೆ ಎದುರುಬದುರಾಗಿ ಇಟ್ಟ ಎರಡು ಉದ್ದನೆಯ ಮರದ ಕೋಲು. ನಡುವೆ ಕೌದಿಯನ್ನು ಬಿಗಿಯಾಗಿ ಹರಡಿ ಕಟ್ಟುತ್ತಾರೆ. ಎರಡೂ ಬದಿಯವರು ತಮ್ಮ ತಮ್ಮ ಅಂಚಿನಿಂದ ಹೊಲಿಯಲು ಶುರು ಮಾಡಬೇಕು. ಕೈಗೆಟುಕುವಷ್ಟು ಹೊಲಿದಾದ ಮೇಲೆ ಆ ಭಾಗವನ್ನು ಕೋಲಿಗೆ ಸುತ್ತಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಹೊಲಿದಷ್ಟೂ ಕೌದಿ ಕಿರಿದಾಗುತ್ತದೆ, ಕೂತವರು ಹತ್ತಿರವಾಗುತ್ತಾರೆ. ಕೊನೆಯ ಸಾಲು ಹೊಲಿಯುವ ಹೊತ್ತಿಗೆ ಇವರ ಮೊಣಕಾಲಿಗೆ ಅವರ ಮೊಣಕಾಲು. ಒಂದು ಬದಿಗೆ ದರ್ಜಿಯಮ್ಮ ಆಚೆ ದಡದವರನ್ನು ಕರೆದುಕೊಂಡು ಕೂತರು, ಇನ್ನೊಂದು ಬದಿಗೆ ನರ್ಸಮ್ಮ ಈಚೆಯವರನ್ನು. ಅಮ್ಮನಿಗೆ ಸರಿಯಾಗಿ ಎದುರಿಗೆ ಅತ್ತೆ, ಅತ್ತೆಯ ತೊಡೆಯ ಮೇಲೆ ನನ್ನ ಮಗಳು.

ಶುರುವಿಗೆ ಮುಂಚೆ ಪ್ರಾರ್ಥನೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಸಾಲು ಬಂದಾಗ ದರ್ಜಿಯಮ್ಮನಿಗೆ ಕೆಮ್ಮು ಬಂತು. ನರ್ಸಮ್ಮನ ಕರವಸ್ತ್ರ ಕೆಳಗೆ ಬಿತ್ತು. ಆ ಸಾಲನ್ನು ನಾನೊಬ್ಬಳೇ ಗಟ್ಟಿಯಾಗಿ ಹೇಳಬೇಕಾಯಿತು. ನಮ್ಮ ಹೆಂಗಸರ ಕಣ್ಣು ತಟ್ಟನೆ ಚುರುಕಾಯಿತು. ಚರ್ಚಿನಲ್ಲಿ ಬೆಳಿಗ್ಗೆಯೂ ಮಧ್ಯಾಹ್ನವೂ ಅದೇ ಸಾಲಿಗೆ ಎಲ್ಲರ ಗಂಟಲೂ ಕಟ್ಟುವುದು ನಮ್ಮೂರಿನ ಕಾಯಿಲೆ. ಅದು ಯಾವ ರೋಗ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ.

"ಇವರಿಬ್ಬರಿಗೂ ಆಗಿಬರಲ್ಲ," ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿದರು. ಒಂದು ಗಳಿಗೆ ಬಿಟ್ಟು ಆಚೆ ಬದಿಗೆ ಹೋದರೆ ಅಮ್ಮನೂ ಅದನ್ನೇ ಉಸುರಿದಳು.

ಹೊಲಿಗೆ ಶುರುವಾಯಿತು. ಅಮ್ಮ ಹೊಲಿದಳು ನೋಡಿ, ನಾನು ಹುಟ್ಟಿದಾಗಿನಿಂದ ಅವಳು ಹಾಗೆ ಕೆಲಸ ಮಾಡಿದ್ದನ್ನು ಕಂಡಿಲ್ಲ! ತಲೆ ಎತ್ತದೆ, ನೀರು ಕುಡಿಯದೆ, ಪಕ್ಕದವಳು ಏನೋ ಕೇಳಿದರೆ "ಹ್ಞೂಂ, ಹ್ಞೂಂ" ಎನ್ನುತ್ತಾ. ದರ್ಜಿಯಮ್ಮ ನನ್ನನ್ನು ಕರೆದು, "ಈಯಮ್ಮ ಮೊದಲೇ ಹೊಲಿಗೆ ಕಲಿತಿದ್ರಾ?" ಎಂದು ಕೇಳಿದರು. ಕಲಿತಿರಲಿಲ್ಲ. ಒಂದು ಸಾಲು ಮುಗಿದು ಕೋಲು ಒಂದು ಸುತ್ತು ತಿರುಗಿದರೆ ಮೊಮ್ಮಗಳು ಒಂದು ಗೇಣು ಹತ್ತಿರ ಬರುತ್ತಾಳೆ. ಅದು ಅವಳಿಗೆ ಗೊತ್ತಾಗಿತ್ತು, ಅಷ್ಟೇ. ಅತ್ತೆಗೂ ಅದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಅವರು ಸೂಜಿಗೆ ದಾರ ಪೋಣಿಸುವುದಕ್ಕೇ ಅರ್ಧ ಬೆಳಗು ತೆಗೆದುಕೊಳ್ಳತೊಡಗಿದರು. ಅತ್ತೆ ನಿಧಾನ ಮಾಡಿದಷ್ಟೂ ಅಮ್ಮ ಓಡಿಸಿದಳು. ಹಾಗೂ ಹೀಗೂ ವಾರ ಕಳೆಯುವಷ್ಟರಲ್ಲಿ ಕೌದಿ ಒಂದು ಗೇಣಿಗೆ ಬಂದು ನಿಂತಿತು. ಮಗು ಅಮ್ಮನ ಬಳೆಯನ್ನು ನೋಡಿ ಕೈ ಚಾಚುತ್ತಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಕೈಗೆ ಸಿಗುತ್ತಿತ್ತು.

ಅಲ್ಲಿಗೆ ಬಂದು ಕೆಲಸ ನಿಂತೇಹೋಯಿತು.

ಕಾರಣ ನಮ್ಮವರಲ್ಲ, ಆ ಮಹಾತಾಯಂದಿರು. ಕೊನೆಯ ಸುತ್ತು ತಿರುಗಿಸಿದರೆ ಅವರಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಲ್ಲ. "ಇವತ್ತಿಗೆ ಸಾಕು ಅಂತ ಹೇಳಮ್ಮಾ," ಎಂದರು ದರ್ಜಿಯಮ್ಮ. ಮಾರನೆಯ ದಿನ ನರ್ಸಮ್ಮನಿಗೆ ತಲೆನೋವು. ಅದರ ಮಾರನೆಯ ದಿನ ದರ್ಜಿಯಮ್ಮನ ಕನ್ನಡಕ ಮಂಜು. ಗುಡಾರದವರಿಗೆ ಕೌದಿ ಒಯ್ಯುವ ಲಾರಿ ಬರುವ ದಿನ ಹತ್ತಿರ ಬಂದಿತ್ತು. ಅಮ್ಮ ಬರಿದೇ ಸೂಜಿ ಹಿಡಿದು ಕೂತು, ಎದುರಿನ ಮಗುವನ್ನು ನೋಡುತ್ತಾ ಮುಖ ಬಾಡಿಸಿಕೊಂಡಿದ್ದಳು.

ಅಂದು ಹೊರಗೆ ನರ್ಸಮ್ಮನಿಗೆ ಚಹಾ ಕೊಡುವಾಗ ನಾನು ಕೇಳಿಯೇಬಿಟ್ಟೆ. "ಅಮ್ಮಾ, ನಿಮ್ಮಿಬ್ಬರ ಜಗಳ ಯಾತಕ್ಕೆ?"

"ಜಗಳಾನಾ? ಜಗಳ ಏನಿಲ್ಲಮ್ಮಾ." ಒಂದು ಗುಟುಕು ಚಹಾ. "ನಮ್ಮ ಪಾದ್ರಿಗಳಿಗೆ ಅಂತ ಒಂದು ಕೌದಿ ಮಾಡಿದ್ವಿ. ಇವರು ಹೊಲಿದ ಒಂದು ಸಾಲು ಓರೆ ಆಗಿತ್ತು. ಇವರು ಮನೆಗೆ ಹೋದ್ಮೇಲೆ ನಾನು ಬಿಚ್ಚಿ ನೇರ ಮಾಡಿದೆ. ಅದು ತಪ್ಪಾ?"

ದರ್ಜಿಯಮ್ಮನ ಹತ್ತಿರ ಹೋದೆ. "ನಲವತ್ತು ವರ್ಷ ಹೊಲಿದಿದೀನಿ," ಎಂದರು. "ಕಣ್ಣು ಮಂದ ಆಗಿದೆ, ಗೊತ್ತು. ನನ್ನ ಹೊಲಿಗೇನ ನನ್ನ ಕೇಳದೆ ಬಿಚ್ಚೋದಾ? ಸಿಟ್ಟು ಬಂತು, ಗಾಯ ಹೊಲಿಯೋ ಕೈಗೆ ಬಟ್ಟೆ ಹೊಲಿಯೋಕೆ ಏನು ಗೊತ್ತು ಅಂತ ಎಲ್ಲರ ಮುಂದೇನೇ ಅಂದುಬಿಟ್ಟೆ."

ಆ ಇಬ್ಬರೂ ವಿಶ್ರಾಂತಿಗೆ ಹೋದ ಮೇಲೆ ಇದನ್ನು ಎರಡೂ ದಡಕ್ಕೆ ಹೇಳಿದೆ. ಇಷ್ಟಕ್ಕೇನಾ ಎಂದು ಎರಡೂ ದಡದವರು ಮೂಗಿನ ಮೇಲೆ ಬೆರಳಿಟ್ಟರು. ಮೊದಲು ಬಂದವಳು ಅಮ್ಮ. "ಅವರಿಬ್ಬರನ್ನೂ ಒಂದು ಮಾಡಬೇಕು ಕಣೇ. ನಿಮ್ಮತ್ತೆಗೆ ಹೇಳು, ನಡುವಿನ ಸಾಲನ್ನ ನಾವೇ ಬೇಕಂತ ಓರೆ ಹೊಲಿದಿಡೋಣ. ನೋಡಿದ್ರೆ ಇಬ್ಬರಿಗೂ ತಡೆಯೋಕಾಗಲ್ಲ, ಬಿಚ್ಚೋಕೆ ಬಂದೇ ಬರ್ತಾರೆ."

ಅತ್ತೆಗೆ ಹೇಳಿದೆ. "ಒಳ್ಳೇದೇ," ಎಂದರು ಅತ್ತೆ. "ಆದ್ರೆ ನಿಮ್ಮಮ್ಮಂಗೆ ಹೇಳು, ಪೂರ್ತಿ ಓರೆ ಅವರ ಕಡೆಯಿಂದಾನೇ ಆಗಲಿ. ನಮ್ಮ ಕಡೆಯವರಿಗೆ ಓರೆ ಕೆಲಸ ಅಭ್ಯಾಸ ಇಲ್ಲ."

ಅದನ್ನು ಹೇಳಿದೆ. "ದಿಮ್ಮೀನ ನೇರ ತೇಲಿಬಿಡೋಕೆ ಬರದವರು ಹೇಳೋ ಮಾತಾ ಇದು ಅಂತ ಕೇಳು," ಎಂದಳು ಅಮ್ಮ.

ಆಗ ನನ್ನ ಪಿತ್ತ ನೆತ್ತಿಗೇರಿತು. ಆ ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆದು ನಡೆದು ಚಪ್ಪಲಿ ಸವೆದಿತ್ತು. "ನಿಮ್ಮಿಬ್ಬರದ್ದೂ ಒಂದೇ ಭಾಷೆ!" ಎಂದು ಕಿರುಚಿದೆ. "ದೂರದಿಂದ ಬಂದ ಆ ಇಬ್ಬರಿಗೂ ನಾನೇ, ಹುಟ್ಟಿದ ಮನೆಗೂ ನಾನೇ, ಸೇರಿದ ಮನೆಗೂ ನಾನೇನಾ? ಇನ್ನು ಒಂದು ಮಾತೂ ದಾಟಿಸಲ್ಲ. ಬೇಕಾದ್ರೆ ಆಡ್ಕೊಳ್ಳಿ, ಇಲ್ಲಾಂದ್ರೆ ಬಿಡಿ!" ಮಗುವನ್ನು ಅತ್ತೆಯ ತೊಡೆಯಿಂದ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಇದಕ್ಕೆ ಏನು ಕಾದಿದೆಯೋ ಎಂದು ಹೆದರಿಕೆಯಾಗಿತ್ತು. ಆದರೆ ಸುಖವೂ ಆಗಿತ್ತು.

ಒಳಗೆ ಕುರ್ಚಿ ಎಳೆದ ಸದ್ದು. ಕೋಲು ಕಿರ್ರೆಂದು ತಿರುಗಿತು. ಬಾಗಿಲ ಸಂದಿಯಿಂದ ಇಣುಕಿದೆ. ಬೀಗತಿಯರಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮುಖ ಗಂಟಿಕ್ಕಿಕೊಂಡೇ ಓರೆಯಾಗಿ ಹೊಲಿಯುತ್ತಿದ್ದರು.

"ಇನ್ನೂ ಸ್ವಲ್ಪ ಎಡಕ್ಕೆ ತಗೊಳ್ಳಿ," ಎಂದಳು ಅಮ್ಮ. "ಇದು ನೇರ ಆಗ್ತಾ ಇದೆ."

"ನಂಗೇನ್ರೀ ಗೊತ್ತು, ಅಭ್ಯಾಸ ಇಲ್ಲ ಅಂದೆನಲ್ಲ," ಎಂದರು ಅತ್ತೆ. ಹೇಳಿದ ಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಸುತ್ತ ನಿಂತವರೂ ಕಿಸಕ್ಕೆಂದರು. ಆ ನಗು ಇಳಿಯುವ ಮೊದಲೇ, ತಲೆ ಎತ್ತದೆ, ಅತ್ತೆ ಕೇಳಿದರು: "ನಿಮ್ಮ ಮಗನ ಕೈ ಈಗ ಹೇಗಿದೆ?"

ಅಮ್ಮನ ಸೂಜಿ ನಿಂತಿತು. "ಬೆರಳು ಮಡಚೋಕೆ ಆಗುತ್ತೆ. ಬಲೆ ಎಳೆಯೋಕೆ ಆಗಲ್ಲ."

"ಹ್ಞಾಂ," ಎಂದರು ಅತ್ತೆ. ಇಬ್ಬರೂ ಸಾಲು ಮುಗಿಸಿದರು.

ದಿನಾ ಸಂಜೆ ಆ ಇಬ್ಬರೂ ಒಬ್ಬೊಬ್ಬರಾಗಿ ಕೌದಿ ನೋಡಿಹೋಗಲು ಬರುವುದು ರೂಢಿ. ಅಂದು ಚಹಾದ ನಂತರ ನಾವು ಹಾಲ್ ಖಾಲಿ ಮಾಡಿ ಹೋದವರಂತೆ ನಟಿಸಿದೆವು. ಇಣುಕಿ ನೋಡಲು ಇದ್ದ ಜಾಗ ಒಂದೇ. ಹಳೆ ಪರದೆ, ಮುರಿದ ಬೆಂಚು, ತೂತಾದ ಬಕೆಟ್ಟು ತುಂಬಿದ ಸಾಮಾನು ಕೋಣೆ. ಅದರ ಬಾಗಿಲು ಎಷ್ಟು ಒತ್ತಿದರೂ ಪೂರ್ತಿ ಮುಚ್ಚುವುದಿಲ್ಲ. ಎರಡೂ ದಡದ ಹೆಂಗಸರು ಅದರೊಳಗೆ ತುರುಕಿಕೊಂಡೆವು. ಯಾರ ಮೊಣಕೈ ಯಾರ ಪಕ್ಕೆಗೆ ಚುಚ್ಚುತ್ತಿದೆ ಎಂದು ತಿಳಿಯದಷ್ಟು ಕತ್ತಲೆ, ಸೆಖೆ. ಕೇಳಿದ್ದನ್ನು ಅನುವಾದಿಸಬೇಕಾದ್ದರಿಂದ ಸಂದಿಯ ಹತ್ತಿರದ ಜಾಗ ನನಗೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟೆ.

ಮೊದಲು ನರ್ಸಮ್ಮ ಬಂದರು. ಓರೆ ಸಾಲು ನೋಡಿ ಎದೆಗೆ ಕೈ ಇಟ್ಟುಕೊಂಡರು. ಚೀಲದಿಂದ ಸಣ್ಣ ಕತ್ತರಿ ತೆಗೆದರು. ತೆಗೆದದ್ದೇನೋ ಸರಿ, ಹಾಗೇ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಎದುರು ಬಾಗಿಲಿನಿಂದ ದರ್ಜಿಯಮ್ಮ. ಅವರ ಕೈಯಲ್ಲೂ ಕತ್ತರಿ.

ದರ್ಜಿಯಮ್ಮ ಅಭ್ಯಾಸಬಲದಿಂದ ನನಗಾಗಿ ಸುತ್ತ ನೋಡಿದರು. ನಾನಿಲ್ಲ. ಬೇರೆ ದಾರಿಯೂ ಇರಲಿಲ್ಲ. "ಬಿಚ್ಚಿ ಮತ್ತೆ," ಎಂದರು. "ಬಿಚ್ಚೋದ್ರಲ್ಲಿ ನಿಮ್ಮದು ಎತ್ತಿದ ಕೈ ಅಲ್ವಾ?"

"ಏನಂದ್ರು? ಏನಂದ್ರೇ?" ಎಂದು ಹಿಂದಿನಿಂದ ನನ್ನ ಸೊಂಟಕ್ಕೆ ತಿವಿತ. ಪಿಸುಗುಟ್ಟಿ ಹೇಳಿದೆ. "ಅಯ್ಯೋ, ಕೆಟ್ಟಿತು," ಎಂದಿತು ಕತ್ತಲೆ.

ನರ್ಸಮ್ಮ ಕತ್ತರಿಯನ್ನು ಕೌದಿಯ ಮೇಲಿಟ್ಟರು. "ನಾನು ಮುಟ್ಟಲ್ಲ. ಅವತ್ತು ನಿಮ್ಮನ್ನ ಕೇಳದೆ ಬಿಚ್ಚಿದ್ದು ತಪ್ಪಾಯ್ತು. ಇದನ್ನ ಎಷ್ಟೋ ದಿನದಿಂದ ಹೇಳಬೇಕು ಅಂತಿದ್ದೆ. ನಡುವೆ ಆ ಹುಡುಗಿ ಇದ್ದಳಲ್ಲ, ಅವಳ ಕೈಲಿ ಹೇಳಿಸೋ ಮಾತಲ್ಲ ಇದು."

ದರ್ಜಿಯಮ್ಮ ಬಗ್ಗಿ, ಕನ್ನಡಕ ಹಣೆಗೇರಿಸಿ, ಓರೆ ಸಾಲಿನ ಮೇಲೆ ಬೆರಳಾಡಿಸಿದರು. ಈ ಕಡೆಯಿಂದ, ಆಮೇಲೆ ಆ ಕಡೆಯಿಂದ. "ಇಲ್ನೋಡಿ," ಎಂದರು ಮೆಲ್ಲಗೆ. "ಈ ಕಡೆ ಎಡಕ್ಕೆ ಬಾಗಿದ ಜಾಗದಲ್ಲೇ ಆ ಕಡೇನೂ ಎಡಕ್ಕೆ ಬಾಗಿದೆ. ತಾನಾಗೇ ಹೀಗೆ ಓರೆ ಬರಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಡಿಸಬೇಕಾದ್ರೆ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡಿರಬೇಕು."

ನರ್ಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತರು. "ನಮಗೋಸ್ಕರಾನಾ?"

"ನಮಗೋಸ್ಕರ. ದೇವರೇ, ಇವರನ್ನ ಒಂದು ಮಾಡೋಕೆ ಅಂತ ನಾವು ಬಂದ್ವಿ, ನೋಡಿದ್ರೆ..." ಎದುರಿನ ಕುರ್ಚಿ ಎಳೆದುಕೊಂಡು ಅವರೂ ಕೂತರು. "ಗಾಯ ಹೊಲಿಯೋ ಕೈ ಅಂತ ನಾನು ಹಂಗಿಸಬಾರದಿತ್ತು. ಕ್ಷಮಿಸಿಬಿಡಿ."

ಇದನ್ನೂ ಪಿಸುಗುಟ್ಟಿದೆ. ಹಿಂದೆ ಯಾರೋ ಮೂಗು ಸೊರ್ರೆನಿಸಿದರು. ಹಳೆ ಪರದೆಯ ಧೂಳಿಗೆ ಅತ್ತೆಗೆ ಸೀನು ಬರತೊಡಗಿತ್ತು. ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿದ್ದ ಮಗುವನ್ನು ಪಕ್ಕದವರ ಕಡೆ ನೂಕಿದರು. "ಹಿಡ್ಕೊಳ್ರೀ ಸ್ವಲ್ಪ!" ಆಮೇಲೆ ಆ ಕೋಣೆಯೇ ಅದುರುವಂತೆ ಸೀನಿದರು. ಸೀನಿನ ರಭಸಕ್ಕೆ ನಾನು ಬಾಗಿಲಿಗೆ ಬಿದ್ದೆ. ಬಾಗಿಲು ತೆರೆದುಕೊಂಡಿತು. ಎರಡು ದಡಗಳೂ ಒಂದರ ಮೇಲೊಂದು ಹಾಲ್‌ಗೆ ಉರುಳಿದವು. ಹಿಂದೆಯೇ ಒಂದು ಬಕೆಟ್ಟು ಗಡಗಡ ಹೊರಳಿ ಬಂತು.

ದರ್ಜಿಯಮ್ಮ, ನರ್ಸಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು. ಅವರ ಜೊತೆ ಎಲ್ಲರೂ ನಗುತ್ತಿದ್ದಾಗ ನನ್ನ ಕಣ್ಣು ಮಾತ್ರ ಕೋಣೆಯ ಬಾಗಿಲಿಗೆ ಹೋಯಿತು. ಅಲ್ಲಿ ಅಮ್ಮ ನಿಂತಿದ್ದಳು. ಅವಳ ತೋಳಿನಲ್ಲಿ ನನ್ನ ಮಗಳು. ಮಗು ಎರಡೂ ಕೈಯಲ್ಲಿ ಅವಳ ಬಳೆ ಹಿಡಿದುಕೊಂಡಿತ್ತು. ಅಮ್ಮ ಉಸಿರಾಡಲೂ ಹೆದರಿ, ಮೊಮ್ಮಗಳ ಮುಖವನ್ನಲ್ಲ, ಅತ್ತೆಯ ಮುಖವನ್ನು ನೋಡುತ್ತಿದ್ದಳು.

ಅತ್ತೆ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು. ನಗು ಒಂದೊಂದಾಗಿ ನಿಂತಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಅಮ್ಮನ ಹತ್ತಿರ ಹೋದರು, ಕೈ ಚಾಚಿದರು. ಚಾಚಿದ ಕೈ ಮಗುವನ್ನು ಕಸಿಯಲಿಲ್ಲ. ಅಮ್ಮನ ಮೊಣಕೈಯನ್ನು ಸ್ವಲ್ಪ ಎತ್ತಿ ಸರಿಮಾಡಿತು.

"ಎಡಗಡೆಗೆ ಹಾಕ್ಕೊಳ್ಳಿ," ಎಂದರು ಅತ್ತೆ. "ಬಲಗಡೆ ಆದ್ರೆ ಅವಳು ಮಲಗಲ್ಲ."

"ಗೊತ್ತಾಯ್ತು ಬಿಡಿ," ಎಂದಳು ಅಮ್ಮ, ಮಗುವನ್ನು ಎಡಗಡೆಗೆ ಹಾಕಿಕೊಳ್ಳುತ್ತಾ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ಇವಳಮ್ಮಂದೂ ಇದೇ ಹಟ ಇತ್ತು."